ನಳಿಕೆಯಲ್ಲಿ ಗಂಜಿ ಕೊಡುವವರಿಗೆ

"ಸ್ವಾಮಿ, ಅಮ್ಮನಿಗೆ ಮೂಗಿನ ನಳಿಕೆಯಲ್ಲಿ ಕೊಟ್ಟದ್ದೆಲ್ಲ ವಾಂತಿಯಾಗುತ್ತಿದೆ. ನಿಲ್ಲಿಸಿದರೆ ಹಸಿವಿನಿಂದ ಕೊಂದ ಪಾಪ ಬರುತ್ತದೆಯೇ?" ರೋಗಿಗಳ ಭೇಟಿಗೆ ಹೋದಾಗ ಮಗಳೊಬ್ಬಳು ಬಾಗಿಲಲ್ಲೇ ಕೇಳಿದ ಪ್ರಶ್ನೆಯಿದು. ನಿಮ್ಮ ಮನೆಯಲ್ಲೂ ಇಂಥ ರೋಗಿ ಇರಬಹುದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

2004ರ ಮಾರ್ಚ್ 20ರಂದು ಜಗದ್ಗುರು ಎರಡನೇ ಜಾನ್ ಪಾಲರು, ಪ್ರಜ್ಞೆಯಿಲ್ಲದೆ ದೀರ್ಘಕಾಲ ಮಲಗಿರುವ ರೋಗಿಗಳ ಕುರಿತು ಮಾತನಾಡಿದರು. ನಳಿಕೆಯ ಮೂಲಕ ಕೊಡುವ ನೀರು, ಆಹಾರವೂ ಸಹಜ ಆರೈಕೆಯೇ, ತಾತ್ವಿಕವಾಗಿ ಅದನ್ನು ಕೊಡುವುದು ಕರ್ತವ್ಯ ಎಂದರು. ಆದರೆ ಅದೇ ಮಾತಿನಲ್ಲಿ ಒಂದು ಮಿತಿಯಿದೆ: ಆ ಆಹಾರ ರೋಗಿಯನ್ನು ಪೋಷಿಸಬೇಕು, ಅವರ ಬಾಧೆ ತಗ್ಗಿಸಬೇಕು. ದೇಹವು ಅದನ್ನು ಹೀರಿಕೊಳ್ಳಲಾರದ ಹಂತ ತಲುಪಿದರೆ ನಿಲ್ಲಿಸಬೇಕೆಂದು 2020ರ ವ್ಯಾಟಿಕನ್ ಪತ್ರ 'ಸಮಾರಿತಾನುಸ್ ಬೋನುಸ್' ಹೇಳಿದೆ. ಆಗ ಸಾವು ತರುವುದು ರೋಗ, ಮಗಳಲ್ಲ.

ಹಾಗೆಂದು ವಾಂತಿಯಾದ ಮಾತ್ರಕ್ಕೆ ಆ ಹಂತ ಬಂದಿತೆಂದು ನಾವೇ ತೀರ್ಮಾನಿಸುವಂತಿಲ್ಲ. ಮಲಬದ್ಧತೆ, ಔಷಧಿ, ಕರುಳಿನ ತಡೆ, ಕೊಡುವ ಅವಸರ, ಎಲ್ಲವೂ ವಾಂತಿ ತರಬಲ್ಲವು. ಆ ಮನೆಯಲ್ಲಿ ತಾಯಿಯನ್ನು ಅಂಗಾತ ಮಲಗಿಸಿಯೇ ಸಿರಿಂಜಿನಿಂದ ಎರಡು ನಿಮಿಷದಲ್ಲಿ ಗಂಜಿ ಒತ್ತಿಬಿಡುತ್ತಿದ್ದರು. ಅಮ್ಮ ಹಸಿದಿರಬಾರದೆಂಬ ಪ್ರೀತಿಯೇ ಅದಕ್ಕೆ ಕಾರಣ, ಪಾಪ!

ತಲೆ, ಎದೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿ. ಸಿರಿಂಜಿನ ಪಿಸ್ಟನ್ ತೆಗೆದಿಟ್ಟು, ಸೋಸಿದ ಗಂಜಿ ತಾನಾಗಿಯೇ ಇಳಿಯಲಿ. 200 ಮಿಲಿಲೀಟರಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಮೊದಲೂ ಕೊನೆಗೂ ನಳಿಕೆಗೆ ಸ್ವಲ್ಪ ನೀರು ಬಿಡಿ. ಆಮೇಲೆ ಅರ್ಧದಿಂದ ಒಂದು ಗಂಟೆ ಮಲಗಿಸಬೇಡಿ. ವಾಕರಿಕೆ ಕಂಡೊಡನೆ ನಿಲ್ಲಿಸಿ, ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ. ವಾಂತಿಯ ರಭಸಕ್ಕೆ ನಳಿಕೆ ಜರುಗಿರಬಹುದು; ನರ್ಸ್ ಪರೀಕ್ಷಿಸುವ ತನಕ ಹನಿ ನೀರನ್ನೂ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಹೋದೀತು. ಹಸಿರು ಅಥವಾ ರಕ್ತ ಮಿಶ್ರಿತ ವಾಂತಿ, ಉಬ್ಬಿದ ಹೊಟ್ಟೆ, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆಹಾರ ನಿಲ್ಲಿಸುವ ಪ್ರಶ್ನೆಯನ್ನು ವೈದ್ಯರೊಂದಿಗೆ ಕುಳಿತೇ ನಿರ್ಧರಿಸಿ. ನಿಲ್ಲಿಸಿದ ಮೇಲೂ ತುಟಿ ಒದ್ದೆ ಮಾಡುವುದು, ಬಾಯಿ ಶುಚಿಗೊಳಿಸುವುದು, ವಾಕರಿಕೆಯ ಔಷಧಿ ಕೊಡುವುದು ನಿಲ್ಲುವುದಿಲ್ಲ.

ಪರಮಪ್ರಸಾದದ ಬಗೆಗೂ ಆ ಮಗಳು ಕೇಳಿದಳು. ರೊಟ್ಟಿ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಷ್ಟೇ ಪರಮಪ್ರಸಾದ ನೀಡಲು ಧರ್ಮಸಭೆಯ ಕಾನೂನಿನ 925ನೇ ವಿಧಿ ಅವಕಾಶ ಕೊಡುತ್ತದೆ. ಒಂದು ಹನಿ ನುಂಗಬಲ್ಲರೇ ಎಂದು ವೈದ್ಯರನ್ನು ಕೇಳಿ, ನಿಮ್ಮ ಗುರುಗಳಿಗೆ ಮುಂಚಿತವಾಗಿ ತಿಳಿಸಿ. ವಾಂತಿಯ ದಿನಗಳಲ್ಲಿ ರೋಗಿಗಳ ಅಭ್ಯಂಗಕ್ಕೆ ಯಾವ ತೊಡಕೂ ಇಲ್ಲ. ಅದಕ್ಕೆ ಕೊನೆಯುಸಿರಿನವರೆಗೆ ಕಾಯುತ್ತಾ ಕೂರಬೇಡಿ.