ರನ್‌ವೇ ನೋಡುವ ಮುನ್ನ ಗಾಳಿ ನೋಡಿ

ವಿಮಾನ ನೋಡುವ ಹುಚ್ಚಿದ್ದವರಿಗೆ ಚಿತ್ರದುರ್ಗದಲ್ಲಿ ಆಕಾಶವಿದೆ, ವಿಮಾನ ನಿಲ್ದಾಣವಿಲ್ಲ. ನನ್ನ ಆ ಕೊರತೆ ನೀಗಿಸಿದ್ದು ಯೂಟ್ಯೂಬ್‌ನ ನೇರ ಪ್ರಸಾರಗಳು. ಲಂಡನ್ನಿನ ಹೀಥ್ರೂ ರನ್‌ವೇ ತೋರಿಸುವ ಚಾನೆಲ್‌ಗಳನ್ನು ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಯಾವ ವಿಮಾನ ಬಂತು, ಯಾವ ಕಂಪನಿಯದು ಎಂಬುದರಲ್ಲೇ ಮೊದಮೊದಲು ಮುಳುಗಿರುತ್ತಿದ್ದೆ. ನಿಜವಾದ ರುಚಿ ಹತ್ತಿದ್ದು ಗಾಳಿಯನ್ನು ಓದಲು ಕಲಿತ ಮೇಲೆ.

ನಮ್ಮ ಜೋಗಿಮಟ್ಟಿಯ ಗಾಳಿಯಂತ್ರಗಳು ಗಾಳಿ ಬಂದತ್ತ ಮುಖ ಮಾಡುವ ಹಾಗೆ ವಿಮಾನವೂ ಗಾಳಿಗೆ ಎದುರಾಗಿಯೇ ಇಳಿಯಬಯಸುತ್ತದೆ. ರನ್‌ವೇಯ ಸಂಖ್ಯೆ ಅದರ ದಿಕ್ಕು. 27 ಎಂದರೆ ದಿಕ್ಸೂಚಿಯ 270 ಡಿಗ್ರಿ, ಅಂದರೆ ಪಡುವಣ. ಹೀಥ್ರೂನಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚು, ಹಾಗಾಗಿ ಬಹುಪಾಲು ದಿನ ವಿಮಾನಗಳು ಪೂರ್ವದಿಂದ, ಲಂಡನ್ ನಗರದ ಮೇಲಿಂದ ಬಂದು ಇಳಿಯುತ್ತವೆ. ಪ್ರಸಾರ ಹಚ್ಚುವ ಮುನ್ನ ನಾನು ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್ ನೋಡುತ್ತೇನೆ. ಅದರಲ್ಲಿ 24025ಜಿ40 ಎಂದಿದ್ದರೆ ಗಾಳಿ 240 ಡಿಗ್ರಿಯಿಂದ 25 ನಾಟ್ ವೇಗದಲ್ಲಿ ಬೀಸುತ್ತಿದೆ, ಬೀಸು ಜೋರಾದಾಗ 40 ಮುಟ್ಟುತ್ತಿದೆ ಎಂದರ್ಥ. ರನ್‌ವೇಗೂ ಗಾಳಿಗೂ 30 ಡಿಗ್ರಿ ವ್ಯತ್ಯಾಸ. ಅಷ್ಟು ವಾರೆಯಾದಾಗ ಗಾಳಿಯ ಅರ್ಧ ಬಲ ಅಡ್ಡಕ್ಕೆ ಬೀಳುತ್ತದೆ, 40ರ ಬೀಸಿಗೆ 20 ನಾಟ್. ಅಂಥ ದಿನ ನಾನು ಏಳುವುದೇ ಇಲ್ಲ.

ಅಡ್ಡಗಾಳಿಯಲ್ಲಿ ಎ380 ಬರುವುದನ್ನು ಗಮನವಿಟ್ಟು ನೋಡಬೇಕು. ಮೂತಿ ಗಾಳಿಯತ್ತ ತಿರುಗಿರುತ್ತದೆ, ಸಾಗುವುದು ಮಾತ್ರ ರನ್‌ವೇಯ ನೇರಕ್ಕೆ. ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಬಾಲದ ರಡ್ಡರ್ ಹೊರಳುತ್ತದೆ, ಮೂತಿ ನೇರವಾಗುತ್ತದೆ, ಗಾಳಿ ಬರುವ ಕಡೆಯ ಚಕ್ರಗಳು ಮೊದಲು ತಾಗಿ ಟೈರಿನಿಂದ ಹೊಗೆ ಏಳುತ್ತದೆ. ಆಮೇಲೆ ಉಳಿದ ಚಕ್ರಗಳು. ಈಗ ನನ್ನ ಕಣ್ಣು ರಡ್ಡರ್ ಬಿಟ್ಟು ಕದಲುವುದಿಲ್ಲ.

2022ರ ಫೆಬ್ರವರಿ 18ರಂದು ಯೂನಿಸ್ ಚಂಡಮಾರುತ ಬ್ರಿಟನ್ನಿಗೆ ಅಪ್ಪಳಿಸಿತು. ಆ ದಿನ ಜೆರ್ರಿ ಡಯರ್ ತಮ್ಮ ಬಿಗ್ ಜೆಟ್ ಟಿವಿಯಲ್ಲಿ ಹೀಥ್ರೂನಿಂದ ತೋರಿಸಿದ ಪ್ರಸಾರವನ್ನು ಏಕಕಾಲಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ವಿಮಾನಗಳು ಇಳಿಯಲು ಬಂದು, ಓಲಾಡಿ, ಮತ್ತೆ ಮೇಲೇರಿ ಹೋದವು. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಗೋ-ಅರೌಂಡ್ ಎಂದರೆ ಅಪಾಯ ತಪ್ಪಿಸುವ ಕ್ರಮ, ಪೈಲಟ್‌ಗಳು ಅಭ್ಯಾಸ ಮಾಡಿಯೇ ಬಂದಿರುವಂಥದ್ದು. ಬೆಂಗಳೂರಿಗೆ ಹಾರುವಾಗ ನಾನಿರುವ ವಿಮಾನವೇ ಹಾಗೆ ಮೇಲೆದ್ದರೂ ಈಗ ನಾನು ಸೀಟಿನ ಹಿಡಿಕೆ ಬಿಗಿಹಿಡಿಯುವುದಿಲ್ಲ.

ಇನ್ನೆರಡು ಸಂಗತಿ. ಫ್ಲೈಟ್‌ರಾಡಾರ್24 ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಮುಂದಿನ ವಿಮಾನ ಯಾವುದೆಂದು ತಿಳಿಯುತ್ತದೆ. ವಿಡಿಯೊ ಕೆಲ ಸೆಕೆಂಡು ಹಿಂದಿರುವುದರಿಂದ ನಕ್ಷೆಯಲ್ಲಿ ಇಳಿದಾದ ವಿಮಾನ ಪರದೆಯ ಮೇಲೆ ಇನ್ನೂ ಗಾಳಿಯಲ್ಲೇ ಇರಬಹುದು. ಪೈಲಟ್ ಮತ್ತು ನಿಯಂತ್ರಣ ಕೊಠಡಿಯ ಮಾತುಕತೆ ಅಮೆರಿಕದ ಲಾಸ್ ಏಂಜಲೀಸ್ ಪ್ರಸಾರಗಳಲ್ಲಿ ಕೇಳಿಸುತ್ತದೆ. ಬ್ರಿಟನ್ನಿನ ಕಾನೂನು ಅದನ್ನು ಒಪ್ಪುವುದಿಲ್ಲ, ಅಲ್ಲಿನವುಗಳಲ್ಲಿ ಹುಡುಕಬೇಡಿ.

ದೇವನಹಳ್ಳಿಯ ಎರಡು ರನ್‌ವೇಗಳೂ ಹೀಥ್ರೂನವುಗಳಂತೆ 09-27 ದಿಕ್ಕಿನವೇ. ಹೀಗಾಗಿ ಹೀಥ್ರೂ ನೋಡಿ ಕಲಿತ ಲೆಕ್ಕ ಇಲ್ಲಿಗೂ ಹಾಗೇ ಒಗ್ಗುತ್ತದೆ.

ಪಶ್ಚಿಮದ ಗಾಳಿ ಇದ್ದಾಗ ಹೀಥ್ರೂನಲ್ಲಿ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಾಗುತ್ತದೆ. ಸುತ್ತಲ ಮನೆಗಳವರಿಗೆ ಅರ್ಧ ದಿನವಾದರೂ ಸದ್ದಿನಿಂದ ಬಿಡುವು ಸಿಗಲೆಂದು ಮಾಡಿದ ಏರ್ಪಾಡು ಅದು. ಚಳಿಗಾಲದಲ್ಲಿ ನಮ್ಮಲ್ಲಿ ಆಗ ರಾತ್ರಿ ಎಂಟೂವರೆ. ಊಟಕ್ಕೆ ಕೂರುವ ಮುಂಚೆ ಮಕ್ಕಳನ್ನೂ ಕರೆದು ಒಮ್ಮೆ ತೋರಿಸಿ.