ಗಾಂಧಿಬಜಾರಿನ ವಿದ್ಯಾರ್ಥಿ ಭವನ

ಬೆಂಗಳೂರಿನ ಬಸವನಗುಡಿಗೆ ಸೇರಿದ ಗಾಂಧಿಬಜಾರಿನಲ್ಲಿ 1943ರಲ್ಲಿ ಒಂದು ಚಿಕ್ಕ ಉಪಾಹಾರಗೃಹ ಆರಂಭವಾಯಿತು. ಸುತ್ತಮುತ್ತಲ ವಿದ್ಯಾಸಂಸ್ಥೆಗಳ ಹುಡುಗರೇ ಅದರ ಗಿರಾಕಿಗಳಾದುದರಿಂದ ‘ವಿದ್ಯಾರ್ಥಿ ಭವನ’ವೆಂಬ ಹೆಸರು ಅದಕ್ಕೆ ಸಹಜವಾಗಿಯೇ ಒಪ್ಪಿತು.

ಹಳ್ಳಿಯಿಂದ ಬಂದು ಕಾಲೇಜು ಸೇರಿದ ಹುಡುಗನೊಬ್ಬನನ್ನು ಗೆಳೆಯರು ಮೊದಲ ಸಲ ಇಲ್ಲಿಗೆ ಕರೆತಂದರೆನ್ನೋಣ. ಬಾಗಿಲಲ್ಲಿ ಜನ ಕಾದು ನಿಂತಿದ್ದಾರೆ. ಮಾಣಿಯು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ತೋಳಿನ ಮೇಲೆ ಹೊತ್ತು ತರುತ್ತಾನೆ, ಒಂದೂ ಜಾರುವುದಿಲ್ಲ! ದೋಸೆ ಹೊರಗೆ ಗರಿಗರಿ, ಒಳಗೆ ಮೃದು. ಜೊತೆಗೆ ತೆಳುವಾದ ಚಟ್ನಿಯುಂಟು, ಸಾಂಬಾರಿಲ್ಲ. ಗೋಡೆಗಳ ಮೇಲೆ ಕನ್ನಡದ ಹಿರಿಯ ಸಾಹಿತಿಗಳ ಚಿತ್ರಗಳಿವೆ. ಹುಡುಗನ ಮನಸ್ಸು ಮಾತ್ರ ಜೇಬಿನಲ್ಲಿದೆ. ತಿಂಗಳ ಕೊನೆ, ಇರುವ ಹಣ ದೋಸೆಗೆ ಸಾಲುತ್ತದೆ, ಕಾಫಿಗೆ ಸಾಲದು. “ನನಗೆ ಕಾಫಿಯ ಅಭ್ಯಾಸವಿಲ್ಲ” ಎಂದು ಅವನು ಸುಳ್ಳಾಡುತ್ತಾನೆ. ಪಕ್ಕದ ಗೆಳೆಯ ಅವನ ಮುಖವನ್ನು ನೋಡದೆಯೇ, “ಬೈಟೂ ಕಾಫಿ” ಎನ್ನುತ್ತಾನೆ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿಕೊಡುವ ಈ ವಾಡಿಕೆ ಬೆಂಗಳೂರಿನ ಹೋಟೆಲುಗಳಲ್ಲಿ ಹಳೆಯದು. ಕೇಳುವವನಿಗೆ ನಾಚಿಕೆಯಿಲ್ಲ, ಕೊಡುವವನಿಗೆ ಬೇಸರವಿಲ್ಲ. ಲೋಟಗಳೆರಡೂ ಬರುತ್ತವೆ. ಅಭ್ಯಾಸವಿಲ್ಲವೆಂದ ಹುಡುಗ ತನ್ನ ಪಾಲನ್ನು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿಯುತ್ತಾನೆ.