ಪ್ರಿಸೆಟ್ ರಾಶಿಯಲ್ಲಿ ಹಾಡು ಕಳೆದುಹೋಗದಿರಲಿ

ಕೈಗಾ, ಕಾರವಾರ, ಅಂಕೋಲೆಯ ಮನೆಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಹಾಡು ಕಟ್ಟುವ ಗೆಳೆಯರೇ, 1978ರ ಪ್ರಾಫೆಟ್-5 ಸಿಂಥಸೈಜರ್‌ನಲ್ಲಿ ಉಳಿಸಿಡಬಹುದಾಗಿದ್ದದ್ದು 40 ಪ್ರಿಸೆಟ್, ಅಂದರೆ ಹೊಂದಿಸಿಟ್ಟ ನಾದಗಳು. 1983ರ ಯಮಾಹಾ ಡಿಎಕ್ಸ್7ರಲ್ಲಿ 32. ಇಂದು ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಸಿಂಥಸೈಜರ್ ಸರ್ಜ್ ಎಕ್ಸ್‌ಟಿ ಒಂದರಲ್ಲೇ ಸಾವಿರಾರು ಇವೆ. ಹುಡುಕುತ್ತ ಕೂತರೆ ರಾಗ ಮರೆತೇಹೋಗುತ್ತದೆ.

ಆದ್ದರಿಂದ ವಿಂಗಡಿಸುವ ಕೆಲಸವನ್ನು ಹಾಡು ಕಟ್ಟುವ ಹೊತ್ತಿಗೆ ಇಟ್ಟುಕೊಳ್ಳಬೇಡಿ, ಬೇರೆ ದಿನ ಮಾಡಿ. ಕಂಪನಿ ಕೊಟ್ಟ ಹೆಸರನ್ನು ನೆಚ್ಚದೆ ಬೇಸ್, ಪ್ಯಾಡ್, ಲೀಡ್, ಬೆಲ್ ಎಂದು ಕೆಲಸದ ಪ್ರಕಾರ ಟ್ಯಾಗ್ ಹಾಕಿ. ಮನಸ್ಸಿಗೆ ಹಿಡಿದವನ್ನು ಫೇವರಿಟ್‌ಗೆ ಸೇರಿಸಿ.

ಕೇಳಿ ನೋಡುವಾಗ ಎಲ್ಲಕ್ಕೂ ಒಂದೇ ಸ್ವರಗುಚ್ಛ ನುಡಿಸಿ, ವಾಲ್ಯೂಮ್ ಸಮನಾಗಿಡಿ. ಜೋರಾಗಿರುವುದೇ ಚೆಂದವೆಂದು ಕಿವಿ ಮೋಸಹೋಗುತ್ತದೆ. ರಿವರ್ಬ್ ತೆಗೆದೂ ಕೇಳಿ. ಹಾಲಕ್ಕಿಗಳ ತಾಳವಾದ್ಯ ಗುಮಟೆಯ ಜೊತೆಗೆ ಪ್ಯಾಡ್ ಬೇಕಿದ್ದರೆ, ಗುಮಟೆಯ ಧ್ವನಿಮುದ್ರಣ ಓಡುತ್ತಿರುವಾಗಲೇ ಪರೀಕ್ಷಿಸಿ. ಒಂಟಿಯಾಗಿ ಸೊಗಸಾದದ್ದು ಅಲ್ಲಿ ಪೆಟ್ಟನ್ನೇ ಮುಚ್ಚಿಬಿಡಬಹುದು.

ತಿದ್ದಿದ ಪ್ರಿಸೆಟ್ಟನ್ನು ಹಾಡಿನ ಹೆಸರಿನಲ್ಲಿ ಉಳಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಡಿ. ಹೊಸ ಪ್ಯಾಕ್ ಕೊಳ್ಳುವ ಮುನ್ನ ಇರುವುದನ್ನು ಒಮ್ಮೆ ಪೂರ್ತಿ ಕೇಳಿ. ನಿಮಗೆ ಬೇಕಾದ ನಾದ ಬಹುಪಾಲು ಅಲ್ಲೇ ಇರುತ್ತದೆ.